ಅನೀಲನ ಖಿಲ್ಲಾ

ನಾಳಿ ಅನ್ಬ್ಯಾಡ್ರಿ ಮಜೀದ ಚಾಚಾ. ನಾಳಿ ಆಗಂಗಿಲ್ಲ. ಇದಕ್ಕೇ ಭಾಲ್ಕಿಯಿಂದ ಮೊದಲ ಬಸ್ಸಿಗಿ ಬಂದೀನಿ. ತಮ್ಮ ಅನೀಲನ್ನ ಇವತ್ತು ಸಂಜಿಕ ದವಾಖಾನಿಂದ ಮನಿಗಿ ಕರ್ಕೊಂಡು ಬರ್ತಾರ... ಯಾಕ ನಗ್ತೀರಿ? ಮೂವತ್ತು ದಾಟಿದಾವ ಗೇಮಿನ ಡಬ್ಬಿ ಹೊತ್ಕೊಂಡು ಬಂದಾನ ಅಂತನಾ? ನಗ್ರಿ. ಖರೆ ರಿಪೇರಿ ಮಾಡಿ ಕೊಡ್ರಿ.

ಡಬ್ಬಿಗಿ ಏನೂ ಆಗಿಲ್ಲ. ಹಾಳಾಗಿದ್ದು ಈ ಮೆಮರಿ ಕಾರ್ಡ್. ಕರೆಂಟ್ ಹೋಗಿ ಬಂತು ನೋಡ್ರಿ, ಅದರಾಗ ಎಲ್ಲ ಅಳಿಸಿ ಹೋತು. ಹೌದ್ರಿ, ಕರೆಂಟೇ.

ಆ ಗೇಮ್ ನಿಮಗ ನೆನಪದ ಇಲ್ಲೋ? ಸಾಲಿಗಿ ಹೋಗುವಾಗ ನಿಮ್ಮ ಅಂಗಡ್ಯಾಗೇ ತೊಗೊಂಡಿದ್ವಿ. ಕೈಯಾಗಿನ ಬಂದೂಕ ಅಷ್ಟೇ ಕಾಣ್ತದ, ನಾವೇ ಒಳಗ ಹೊಕ್ಕಂಗ. ಡಬ್ಬಿ ತಾಕತ್ತಿಗಿಂತ ದೊಡ್ಡ ಗೇಮ್ ಅದು. ನಾಕು ಮಂದಿ ಕೂಡಿ ಆಡಿದ್ರ ಡಬ್ಬಿ ಕಾದು, ಆಟ ನಿಂತು ನಿಂತು ನಡೀತಿತ್ತು. ಅದರಾಗ ನಮ್ಮದೇ ಜಾಗ ಕಟ್ಟಲಾಕ ಬರ್ತಿತ್ತು. ಅನೀಲ ಎಂಟು ತಿಂಗಳು ಕೂತು ಬೀದರ ಖಿಲ್ಲಾ, ಇಡೀ ಕೋಟೆನೇ ಕಟ್ಟಿದ! ಐತವಾರಕ್ಕೊಮ್ಮೆ ಇಲ್ಲಿ ಬೀದರಕ್ಕ ಬಂದು ಹೆಜ್ಜಿ ಎಣಿಸಾವ. ಶರ್ಜಾ ದರವಾಜಾದಿಂದ ಗುಂಬಜ್ ದರವಾಜಾಕ್ಕ ಎಷ್ಟು ಹೆಜ್ಜಿ, ತಿರುವು ಎಲ್ಲಿ... ಎಲ್ಲ ನೋಟ್‌ಬುಕ್ಕಿನಾಗ ಬರ್ಕೊಂಡು ಹೋಗಿ, ಹಂಗೇ ಕಟ್ಟಾವ.

ಔರಾದ ದಾರ್ಯಾಗ ಅವನ ಮೋಟಾರ್ ಸೈಕಲ್ ಬಿತ್ತಲ್ರಿ... ತಲಿಗಿ ಪೆಟ್ಟು. ಇಪ್ಪತ್ತೆರಡು ದಿನ ಕಣ್ಣ ತೆರಿಲಿಲ್ಲ. ಈಗ ತೆರದಾನ. ಖರೆ ಅವ್ವನ್ನ ನೋಡಿ 'ನೀವು ಯಾರ್ರಿ' ಅಂತಾನ. ಅವ್ವ ಗೋಡಿಗಿ ಮುಖ ಮಾಡಿ ಅಳ್ತಾಳ. ಅವನಿಗಿ ನೆನಪಿದ್ದದ್ದು ಒಂದೇ, ಖಿಲ್ಲಾ. 'ನನ್ನ ಖಿಲ್ಲಾ ಹಚ್ರಿ' ಅಂತಾನ. ಡಾಕ್ಟರು ಅದನ್ನೇ ತೋರಿಸ್ರಿ ಅಂದಾರ, ಅದರ ಹಿಂದ ಉಳದದ್ದೂ ಬರಬಹುದಂತ. ನಾ ಏನ ತೋರಿಸ್ಲಿ ಚಾಚಾ? ಖಾಲಿ ಟೀವಿ ತೋರಿಸ್ಲೇನು?

ಕಾರ್ಡ್ ಹಾಕಿ ಹಚ್ಚಿದ್ರೇನು? ಏನರೆ ಕಾಣ್ತದ? ಟೀವಿ ಯಾಕ ನನ್ನ ಕಡಿ ತಿರುಗಿಸ್ತೀರಿ...

ಹೌದು. ಕಾರ್ಡ್ ಹಾಳಾಗಿಲ್ಲ. ಅದರಾಗ ಉಳಿಸಿದ ಆಟಕ್ಕ ಒಂದು ಹೆಸರದ. ಸತೀಶ. ನಂದೇ.

ಹಂಗ ನೋಡಬ್ಯಾಡ್ರಿ. ಕರೆಂಟ್ ಬಂದು ನಿನ್ನ ಹೆಸರು ಬರೀತೇನು ಅಂತ ಕೇಳ್ರಿ. ಬೈರಿ ಬೇಕಾದ್ರ.

ಅವ ಇನ್ನ ಕಣ್ಣ ತೆರದಿದ್ದಿಲ್ಲ, ಅವತ್ತು ಡಾಕ್ಟರು ಆಸೆ ಇಟ್ಕೋಬ್ಯಾಡ್ರಿ ಅಂದಿದ್ರು. ಮನಿಗಿ ಬಂದು ಡಬ್ಬಿ ಹಚ್ಚಿದೆ. ಅವನ ನೆನಪಿಗಿ ಅಂತ... ಇಲ್ಲ, ಸುಳ್ಳು. ಅವನ ಖಿಲ್ಲಾಕ್ಕೇ ಕಾರ್ಡ್ ಪೂರಾ ತುಂಬಿತ್ತು. ದೊಡ್ಡಾವ ನಾನು, ನನ್ನ ಆಟ ಒಂದು ಸಲನೂ ಅದರಾಗ ಉಳಿದಿದ್ದಿಲ್ಲ. ಅವತ್ತು ಗೆದ್ದೆ. ಹಳೇದು ಅಳಿಸ್ಲೇನು ಅಂತ ಗೇಮ್ ಕೇಳ್ತು. ಹೂಂ ಅಂತ ಒತ್ತಿದೆ. ಅವ್ವ ದೇವರ ಮುಂದ ಕೂತಿದ್ಳು, ನಾ ಅವನ್ನ ಮಣ್ಣು ಮಾಡಿ ಮುಗಿಸಿದ್ದೆ.

ನಿನ್ನೆ ಅವನ ಎದುರಿಗೇ ಕೂತಿದ್ದೆ. ನಾ ಯಾರಂತ ಅವನಿಗಿ ಗುರ್ತಿಲ್ಲ. ನನಗೇ ಸಮಾಧಾನ ಹೇಳ್ದ. 'ಖಿಲ್ಲಾ ಎಲ್ಲಿಗೂ ಹೋಗಿರಂಗಿಲ್ರಿ, ನಮ್ಮಣ್ಣನ ಹತ್ರ ಅದ' ಅಂದ.

ಚಾಚಾ... ಅಳಿಸಿದ್ದು ತಿರುಗಿ ತರಲಾಕ ಬರ್ತದೇನು, ಒಮ್ಮೆ ನೋಡ್ರಿ.