ಮಾರ್ಟಿಯಣ್ಣನ ಮೂರನೇ ಮಟ್ಟು

...ಇಲ್ಲ ಇಲ್ಲ, ಕೂತ್ಕೊಳ್ಳಿ ಡೀಲಿಯಕ್ಕ, ಕೊಡಲ್ಲ ಅಂತ ನಾನೆಲ್ಲಿ ಹೇಳ್ದೆ? ಶನಿವಾರ ನಾನೇ ಮನೆಗೆ ತಂದ್ಕೊಡ್ತೀನಿ ಅಂದೆ, ಅಷ್ಟೇ. ನೀವು ಗುರುವಾರವೇ ಬಂದ್ಬಿಟ್ರಿ. ಬಂದಿದ್ದು ಒಳ್ಳೇದೇ ಆಯ್ತು ಅನ್ನಿ. ಟೀ ಬಿಸಿಯಾಗಿದೆ. ಸೋಡಾ ಬ್ರೆಡ್ಡು ನೆನ್ನೇದು, ಬೆಣ್ಣೆ ದಂಡಿಯಾಗಿ ಸವರಿದೀನಿ, ಗೊತ್ತಾಗಲ್ಲ... ಯಾಕೆ ನಗ್ತೀರಿ? ಬೆಣ್ಣೆ ಮೇಜಿಗೂ ಮೆತ್ತಿದ್ನಾ? ಅಕಾರ್ಡಿಯನ್ ಹಿಡಿಯೋರ ಕೈ ಹಿಂಗೇ. ಬೆಳಗ್ಗೆಯಿಂದ ಪೆಟ್ಟಿಗೆಯ ತಿದಿ ಎಳೆದೂ ಎಳೆದೂ...

ಕ್ಯಾಸೆಟ್ಟು ಭದ್ರವಾಗಿದೆ. ನೋಡಿ, ಅದೇ ಡಬ್ಬಿ, ಮೇಲೆ ಮಾರ್ಟಿಯಣ್ಣನ ಕೈಬರಹ. ಈಸ್ಟರ್ ಆದ್ಮೇಲೆ, ಮಟ್ಟು ಕಲಿಯೋಕೆ ಅಂತ ಇದನ್ನ ಕೊಡುವಾಗ ನೀವು ಏನು ಹೇಳಿದ್ರಿ ಅಂತ ಚೆನ್ನಾಗಿ ನೆನಪಿದೆ ನಂಗೆ. "ಫಿಂಟನ್, ನನ್ನ ಗಂಡ ಅಂತ ಉಳಿದಿರೋದು ಇದರೊಳಗೆ ಮಾತ್ರ" ಅಂದ್ರಿ. ಮದುವೆಯಾದ ಹೊಸದರಲ್ಲಿ ನಿಮ್ಮ ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದ್ದು, ಇನ್ನೊಂದು ಪ್ರತಿ ಇಲ್ಲ ಅಂತಲೂ ಅಂದ್ರಿ. ಅವತ್ತಿಂದ ಮೊಟ್ಟೆ ಕಾದಂಗೆ ಕಾದಿದೀನಿ ಇದನ್ನ.

ಇಲ್ಲೇ ಕೇಳ್ಬೇಕಾ? ಈಗಲೇನಾ? ಭಾನುವಾರ ಹೇಗೂ ಚರ್ಚಲ್ಲಿ ಹಾಕ್ತಾರಲ್ಲ, ಮಾರ್ಟಿಯಣ್ಣ ತೀರ್ಕೊಂಡ ಇಪ್ಪತ್ತನೇ ವರ್ಷದ ಪೂಜೆಗೆ. ಅಲ್ಲೇ ಊರವರ ಜೊತೆ... ಹೌದಾ, ನಿಮ್ಮ ಮನೆ ಟೇಪ್ ಮೆಷಿನ್ ಕೆಟ್ಟು ವರ್ಷವಾಯ್ತಾ. ಸರಿ. ಹಾಕ್ತೀನಿ. ಹಾಕ್ತೀನಿ ಅಂದ್ನಲ್ಲ.

ಇದು ಮೊದಲನೇದು, ಜಿಗ್ ಕುಣಿತದ ಮಟ್ಟು. ಆ ಬೆರಳು ಓಡೋದು ಕೇಳಿ... ಅಗೋ, ನಿಮ್ಮ ಕಾಲು ಆಗಲೇ ತಾಳ ಹಾಕ್ತಿದೆ. ಇದೊಂದನ್ನ ಕಲಿಯೋಕೆ ಹನ್ನೊಂದು ದಿನ ಹಿಡೀತು. ಬರೆದ ಸ್ವರ ಓದೋಕೆ ನಂಗೆ ಬರಲ್ಲ, ನಮ್ಮಪ್ಪನಿಗೂ ಬರ್ತಿರಲಿಲ್ಲ. ಎರಡು ಉಸಿರಿನಷ್ಟು ಕೇಳೋದು, ನಿಲ್ಸೋದು, ಬೆರಳಲ್ಲಿ ಹುಡುಕೋದು, ಹಿಂದಕ್ಕೆ ತಿರುಗಿಸೋದು, ಮತ್ತೆ ಕೇಳೋದು. ಒಂದೊಂದು ತುಣುಕನ್ನ ನೂರು ಸಲ. ನನ್ನ ಹೆಂಡ್ತಿ ತಲೆ ಚಿಟ್ಟು ಹಿಡಿದು ಎನ್ನಿಸ್ ಪಟ್ಟಣದಲ್ಲಿರೋ ತಂಗಿ ಮನೆಗೆ ಹೋಗಿ ಕೂತ್ಲು.

ಎರಡನೇದು. ಈ ತಿರುವಲ್ಲಿ ನೋಡಿ, ಒಂದು ಸ್ವರವೇ ಇಲ್ಲ. ಅವರ ಪೆಟ್ಟಿಗೆಯಲ್ಲಿ ಒಂದು ಗುಂಡಿ ಸತ್ತಿತ್ತು, ಒತ್ತಿದ್ರೆ ಬರೀ ಗಾಳಿ. ಅದಕ್ಕೇ ಹಾರಿಸ್ಕೊಂಡು ಹೋಗ್ತಾರೆ. ನಾನು ಅದನ್ನೂ ಕಲ್ತೆ. ನನ್ನ ಗುಂಡಿ ನೆಟ್ಟಗೇ ಇದೆ, ಆದ್ರೂ ಅಲ್ಲಿಗೆ ಬಂದ ಕೂಡ್ಲೆ ಹಾರಿಸ್ತೀನಿ. ಮೊನ್ನೆ ಪಬ್ಬಲ್ಲಿ ಬಾರಿಸಿದಾಗ ಹಳಬರೆಲ್ಲ ಗ್ಲಾಸು ಕೆಳಗಿಟ್ರು. ಮಾರ್ಟಿನೇ ಎದ್ದು ಬಂದಂಗಾಯ್ತು ಅಂದ್ರು. ನೀವು ಅಲ್ಲಿ ಇರ್ಬೇಕಿತ್ತು.

ಇಷ್ಟು ಸಾಕಲ್ವಾ? ಇಲ್ಲ, ಮೂರನೇದು ಇದೆ, ಇದೆ... ಅದು ಸ್ವಲ್ಪ ಸವೆದಿದೆ. ನಮ್ಮ ಮನೆ ಗೊತ್ತಲ್ಲ, ಸಮುದ್ರದ ತೇವ. ಚರ್ಚಿಗೆ ಮೊದಲೆರಡು ಸಾಕು ಅಂತ ಫಾದರ್‌ಗೆ ನಾನೇ ಹೇಳ್ತೀನಿ... ಅದಕ್ಕೋಸ್ಕರವೇ ಬಂದಿದ್ದಾ? ಮೂರನೇದಕ್ಕೆ?

ಹೂಂ. ಮೆಷಿನ್ ಮೇಲಿಂದ ಕೈ ತೆಗೀತೀನಿ ಬಿಡಿ. ಓಡ್ಲಿ.

ಬಂತು. ರೀಲ್ ಕುಣಿತದ್ದು. ಏನು ವೇಗ ನೋಡಿ... ಚೆನ್ನಾಗಿದೆ, ಅಲ್ವಾ?

ಡೀಲಿಯಕ್ಕ? ಕಾಲು ಯಾಕೆ ನಿಂತ್ಹೋಯ್ತು?

ಇಲ್ಲ, ಸುಮ್ನೆ ಕೇಳ್ದೆ. ಈಗ ಆ ಸತ್ತ ಗುಂಡಿ ಬರುತ್ತೆ, ತಡೀರಿ... ಬಂತಾ? ಅವರದೇ. ಬೇರೆ ಯಾರು ಹಾಗೆ ಹಾರಿಸ್ತಾರೆ ಹೇಳಿ? ಆ ತಿದಿ ಉಸಿರುಬಿಡೋದು ಕೇಳಿ... ನನ್ನ ಯಾಕೆ ಹಂಗೆ ನೋಡ್ತೀರಿ? ಇದು ಕೊಂಚ ಸ್ವಚ್ಛವಾಗಿ ಕೇಳ್ತಿದೆ, ಅದಕ್ಕೇ ನಿಮಗೆ ಹೊಸದು ಅನ್ನಿಸ್ತಿರ್ಬೇಕು. ಮುಂಚೆ ಈ ಮೂರನೇದರಲ್ಲಿ ಮಾತ್ರ ಹಿಂದಿನಿಂದ ಟಕಟಕ ಅಂತ ಒಂದು ಕಿರಿಕಿರಿ ಇತ್ತು, ಆಗಿನ ಮೆಷಿನ್ನಿನ ಗಾಲಿ ಬಡಿಯೋ ಸದ್ದು. ಅದು... ಅದು ಹೋಗಿದೆ. ಒಳ್ಳೇದೇ ಆಯ್ತಲ್ಲ?

ಸವೆದ ಟೇಪು ಸ್ವಚ್ಛ ಹೇಗಾಯ್ತು ಅಂತ ಕೇಳ್ಬೇಡಿ. ನಂಗೇನು ಗೊತ್ತು, ನಾನೇನು ಮೆಕ್ಯಾನಿಕ್ಕಾ?

ಯಾಕೆ ಎದ್ರಿ? ಊರುಗೋಲು ಬಿಟ್ಟು ಎಲ್ಲಿಗೆ... ಮೇಜಾದ್ರೂ ಹಿಡ್ಕೊಳ್ಳಿ. ಸೊಂಟದ ಆಪರೇಷನ್ ಆದೋರು ನೀವು, ಹಾಸುಗಲ್ಲು ಜಾರುತ್ತೆ. ಏನು ಮಾಡ್ತಿದೀರಿ? ಕಲ್ಲಿಗೆ ಯಾಕೆ ಹಿಮ್ಮಡಿ ಬಡೀತಿದೀರಿ? ಬೇಡ, ಬಿದ್ರೆ ಗತಿಯೇನು... ಟಕ. ಟಕಟಕ. ಟಕ...

ಅಯ್ಯೋ ದೇವರೇ.

ಗಾಲಿ ಅಲ್ಲ. ಅದು ಗಾಲಿ ಅಲ್ಲವೇ ಅಲ್ಲ. ಅವರು ಬಾರಿಸ್ತಿದ್ರು, ನೀವು ಕುಣೀತಿದ್ರಿ. ಆ ಅಡುಗೆಮನೆ ಕಲ್ಲಿನ ಮೇಲೆ, ಇಬ್ಬರೇ...

ಕೂತ್ಕೊಳ್ಳಿ. ದಮ್ಮಯ್ಯ, ಕೂತ್ಕೊಳ್ಳಿ, ಹೇಳ್ತೀನಿ. ಪೆಟ್ಟಿಗೆ ಮಡಿಲಲ್ಲಿತ್ತು, ಕಣ್ಣು ಮುಚ್ಚಿದ್ದೆ. ನೋಡದೇ ಗುಂಡಿ ಒತ್ತೋ ಚಾಳಿ ಈ ಬೆರಳಿಗೆ. ಮೆಷಿನ್ ಮೇಲೂ ಹಂಗೇ ಒತ್ತಿದೆ, ಪಕ್ಕದ ರೆಕಾರ್ಡಿನ ಕೆಂಪು ಗುಂಡಿಯೂ ಜೊತೇಲೇ ಇಳೀತು. ಟೇಪು ನಿಂತಿದೆ ಅಂದ್ಕೊಂಡು ಆ ಮಟ್ಟು ಮುಗಿಯೋವರೆಗೂ ನಾನು ಬಾರಿಸ್ತಾ ಕೂತೆ. ಅಷ್ಟು ಹೊತ್ತೂ ಅದು ಅಳಿಸ್ತಾ ಇತ್ತು. ತಿರುಗಿಸಿ ಕೇಳಿದ್ರೆ ನನ್ನ ತಪ್ಪು ಸ್ವರಗಳು, ನನ್ನ ಕೆಮ್ಮು. ಆವತ್ತಿಂದ ಸರಿಯಾಗಿ ನಿದ್ದೆ ಮಾಡಿಲ್ಲ ನಾನು. ಮೂರು ವಾರ ಅಭ್ಯಾಸ ಮಾಡಿ, ಅದೂ ಸತ್ತಂಗೇ ಇರ್ಲಿ ಅಂತ ನನ್ನ ಗುಂಡಿ ಕೆಳಗೆ ಬೆಂಕಿಕಡ್ಡಿ ಸಿಕ್ಕಿಸಿ, ಅದೇ ಜಾಗದಲ್ಲಿ ಮತ್ತೆ ರೆಕಾರ್ಡ್ ಮಾಡ್ದೆ. ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ. ಈಗ ಬರ್ತಿರೋದು ಮಾರ್ಟಿಯಣ್ಣ ಅಲ್ಲ. ನಾನು.

ಬೈಯಿರಿ. ಊರಿಗೆಲ್ಲ ಹೇಳಿ.

ಆ ಟೇಪನ್ನ ಸಾವಿರ ಸಲ ಕೇಳಿದೀನಿ ಡೀಲಿಯಕ್ಕ. ಅದರೊಳಗೆ ನೀವೂ ಇದ್ದೀರಿ ಅಂತ ಒಂದು ಸಲಾನೂ ಹೊಳೀಲಿಲ್ಲ.