ಹದಿನೆಂಟನೇ ಸ್ಲೀಪರ್

ಕುರ್ತಕೋಟಿಯ ಹಾದಿಯಲ್ಲಿ ರೈಲ್ವೆ ಗೇಟು ಕಿತ್ತು ಹಳಿಯ ಕೆಳಗೆ ದಾರಿ ಕೊರೆದು ಏಳು ವರ್ಷವಾಯಿತು. ಅಂದಿನಿಂದ ಜೋರು ಮಳೆಯಾದಾಗಲೆಲ್ಲ ಆ ತಗ್ಗಿನಲ್ಲಿ ಎದೆಮಟ್ಟ ನೀರು ನಿಂತು, ಈಚೆಯವರು ಈಚೆಗೇ, ಆಚೆಯವರು ಆಚೆಗೇ. ಸಿಕ್ಕಿಬಿದ್ದವರಿಗೆ ಭೀಮೇಶನ ಚಾದಂಗಡಿಯೇ ಗತಿ. ಅವತ್ತು ಸಂಜೆ ಐದರ ಸುಮಾರಿಗೂ ಹಾಗೇ ಆಯಿತು. ಕಳೆ ತೆಗೆಯಲು ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು, ಒಬ್ಬ ಟಂಟಂ ಚಾಲಕ, ಲಕ್ಷ್ಮೇಶ್ವರದ ಶಾಲೆಯಲ್ಲಿ ಕಲಿಸುವ ಸೀಮಾ, ಎಲ್ಲರೂ ತಗಡಿನ ಕೆಳಗೆ ಒತ್ತಿಕೊಂಡು ಕುಳಿತಿದ್ದರು.

ಸೀಮಾ ಮಾತ್ರ ಮಳೆಗೆ ಸಿಕ್ಕಿದವಳಲ್ಲ, ಬೇಕೆಂದೇ ಬಂದವಳು. ಮೂಲೆಯ ಬೆಂಚಿನಲ್ಲಿ ಕುಳಿತ ಖಾಸಿಂಸಾಬರು ಇದೇ ಗೇಟನ್ನು ಮೂವತ್ತು ವರ್ಷ ಕಾಯ್ದವರು. ದಾರಿಯಾಚೆ ಬಾಗಿಲು ಮುರಿದು ನಿಂತ ಗೇಟ್‌ಮನೆ ಅವರದೇ. ಸೀಮಾಳ ಅಪ್ಪ ಹೊನ್ನೇಶ ಈ ಹಳಿಗೆ ಕೀಮ್ಯಾನ್ ಆಗಿದ್ದ. ದಿನಾ ಸುತ್ತಿಗೆ ಹೊತ್ತು ಮೈಲುಗಟ್ಟಲೆ ನಡೆದು, ಹಳಿಯನ್ನು ಅದರಡಿಯ ಅಡ್ಡಪಟ್ಟಿಗಳಿಗೆ, ಅಂದರೆ ಸ್ಲೀಪರುಗಳಿಗೆ, ಬಿಗಿದಿಡುವ ಚಾವಿಗಳು ಸಡಿಲಾದರೆ ಬಡಿದು ಬಿಗಿ ಮಾಡುವುದು ಅವನ ಕೆಲಸ. ಅವಳಿಗೆ ನಾಲ್ಕು ವರ್ಷವಿದ್ದಾಗ ಅವನು ಕುಡಿದು ಹಳಿಯ ಮೇಲೆ ಮಲಗಿ ಸತ್ತನೆಂದು ಪೊಲೀಸರ ಕಾಗದ ಹೇಳುತ್ತದೆ. ತಾಯಿ ಕರೆವ್ವ ಇಪ್ಪತ್ತೇಳು ವರ್ಷ ಕುಡುಕನ ಹೆಂಡತಿ ಎನ್ನಿಸಿಕೊಂಡೇ ಬದುಕಿ ಈಗ ಹಾಸಿಗೆ ಹಿಡಿದಿದ್ದಾಳೆ.

“ಕಾಕಾ, ನಮ್ಮಪ್ಪ ಖರೇನ ಕುಡದಿದ್ನೇನ್ರಿ? ಅವ್ವ ಹೋಗೂದ್ರೊಳಗ ನನಗ ಗೊತ್ತಾಗಬೇಕು.”

ಮುದುಕರು ಬೀಡಿ ಆರಿದ್ದನ್ನೂ ಗಮನಿಸಲಿಲ್ಲ. ಎಲ್ಲರ ಮುಖ ಒಮ್ಮೆ ನೋಡಿ, ಮಳೆಯ ಸದ್ದಿನ ಮೇಲೆ ದನಿಯೇರಿಸಿ ಶುರುಮಾಡಿದರು.

“ಮದಲ ಹುಲಿಗೇಶ ಹೆಂಗ ಸತ್ತ ಅಂತ ಕೇಳ್ರಿ… ಮೂರು ತಿಂಗಳ ಹಿಂದಿನ ಮಾತು. ನಮ್ದೊಂದು ವಾಟ್ಸಾಪ್ ಗುಂಪು ಐತಿ, ‘ಹಳಿ ಗೆಳೆಯರು’ ಅಂತ. ರಿಟೈರ್ ಆದ ಗಾರ್ಡು, ಡ್ರೈವರು, ಕ್ಯಾಮೆರಾ ಹಿಡಕೊಂಡು ಗಾಡಿ ಹಿಂದ ತಿರಗಾವ್ರು, ಹಿಂಗ ನೂರು ಮಂದಿ. ದಿನಾ ಯಾರರೆ ಹಳೀದೊಂದು ಫೋಟೋ ಹಾಕಿ ‘ಯಾವ ಜಾಗ?’ ಅಂತ ಕೇಳ್ತಾರ. ಫೋಟೋದಾಗ ಊರ ಬೋರ್ಡು ಇರಬಾರದು. ಗುಡ್ಡ ನೋಡಿ, ನೆರಳ ನೋಡಿ, ಕಂಬ ನೋಡಿ ಹೇಳಬೇಕು. ಕಪ್ಪತಗುಡ್ಡದ ಗಾಳಿಪಂಖಾ ಕಂಡ್ರ ನಾನೂ ಹೇಳ್ತೀನಿ ಬಿಡ್ರಿ, ಅದೇನ ದೊಡ್ಡಸ್ತಿಕಿ? ಆದ್ರ ಹುಲಿಗೇಶ… ಹೊನ್ನೇಶನ ಗ್ಯಾಂಗಿನ ಮುಕಾದಮ, ಹಳಿ ಕೆಲಸದವರ ಮ್ಯಾಲಿನವ ಆಗಿದ್ದವ… ಅವ ಬರೇ ಜಲ್ಲಿಕಲ್ಲಿನ ಬಣ್ಣ ನೋಡಿ ಹೇಳ್ತಿದ್ದ. ಯಾರರೆ ತನಗಿಂತ ಮದಲ ಹೇಳಿದ್ರ ಅವತ್ತು ಅವ್ಗ ಊಟ ಸೇರ್ತಿದ್ದಿಲ್ಲ. ಅಂಥಾ ಹಮ್ಮು!

“ಒಂದಿನಾ ಮಧ್ಯಾಹ್ನ ಮೂರೂ ನಲವತ್ತಕ್ಕ, ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ಅಣ್ಣಿಗೇರಿ ಕಡೆ ಹಳಿ. ಹುಲಿಗೇಶ ಹೇಳಿದ. ಮರುದಿನ ಅದ ಹೊತ್ತಿಗೆ ಇನ್ನೊಂದು, ಎರಡು ಮೈಲು ಈಚೆ. ಅದರ ಮರುದಿನ ಮತ್ತೂ ಈಚೆ… ಯಾರೋ ಹಳಿಗುಂಟ ನಡಕೋತ ನಮ್ಮ ಕಡೆ ಬರಾಕತ್ತಿದ್ರು. ಆ ನಂಬರಿಗೆ ಫೋನ್ ಹಚ್ಚಿದ್ರ ಮಾತಿಲ್ಲ, ಕತಿ ಇಲ್ಲ… ಬರೇ ಕಬ್ಬಣದ ಮ್ಯಾಲ ಸುತ್ತಿಗಿ ಬಿದ್ದಂಗ… ಟಣ್… ಟಣ್…

“ಎಂಟನೇ ದಿನ ಬಂದ ಫೋಟೋದಾಗ ಏನೂ ಇರಲಿಲ್ರಿ. ಗುಡ್ಡ ಇಲ್ಲ, ಕಂಬ ಇಲ್ಲ. ಮಗ್ಗಲಕ ಒಂದು ಹಳಿ, ಕಣ್ಣಿಗೆ ಚುಚ್ಚೂ ಅಷ್ಟು ಸನೇಕ ಜಲ್ಲಿಕಲ್ಲು, ಮ್ಯಾಲ ಓರಿಯಾದ ಆಕಾಶ. ‘ಇದನ್ನ ದೇವ್ರ ಬಂದ್ರೂ ಹೇಳಂಗಿಲ್ಲ’ ಅಂದ್ರು ಗಾರ್ಡಸಾಹೇಬ್ರು. ಎರಡ ನಿಮಿಷದಾಗ ಹುಲಿಗೇಶ ಬರದ: ‘ಕುರ್ತಕೋಟಿ ಗೇಟು, ಕಿಲೋಮೀಟರ್ ಕಲ್ಲಿನಿಂದ ಹದಿನೆಂಟನೇ ಸ್ಲೀಪರ್, ಬಲಗಡೆ ಹಳಿ.’ ಆ ನಂಬರಿನಿಂದ ಉತ್ತರ ಬಂತು. ‘ಸರಿ. ಬಾ.’

“ನಾ ಎದಿ ಹಿಡಕೊಂಡು ಅವ್ಗ ಫೋನ್ ಹಚ್ಚಿದೆ. ಅವ ಅಳಾಕತ್ತಿದ್ದ. ‘ರೂಢಿ ಮ್ಯಾಲ ಹೇಳಿಬಿಟ್ನೋ ಖಾಸಿಂ… ಆ ಜಾಗ ನಿಂತು ನೋಡಿದವಂಗ ಹಂಗ ಕಾಣಂಗಿಲ್ಲ. ಹಳಿ ಮ್ಯಾಲ ತಲಿ ಇಟ್ಟು ಮಲಗಿದವಂಗ ಕಾಣಬೇಕು… ಇಲ್ಲಾ, ಕುಂತು ಆ ತಲಿ ಇಟ್ಟವಂಗ.’

“ಮರುದಿನ ಹಾಡಹಗಲ, ಮೂರೂ ನಲವತ್ತಕ್ಕ, ಅವ ಹದಿನೆಂಟನೇ ಸ್ಲೀಪರಿಗೆ ಬಂದು ಮೊಣಕಾಲೂರಿ ಕುತ್ತಿಗಿ ಹಳಿ ಮ್ಯಾಲ ಇಟ್ಟ. ಗಾಡಿ ಡ್ರೈವರ ಸೀಟಿ ಹೊಡದೂ ಹೊಡದೂ ಸಾಕಾದ. ಅವ ಏನಂದ ಗೊತ್ತೇನು? ‘ಮುದುಕ ಏಳಾಕ ಒದ್ದಾಡ್ತಿದ್ದ… ಯಾರೋ ಒಬ್ಬ ಬೆನ್ನ ಮ್ಯಾಲ ಕಾಲಿಟ್ಟು ಒತ್ತಿ ಹಿಡದಿದ್ದ. ಹೆಗಲ ಮ್ಯಾಲ ಸುತ್ತಿಗಿ ಇತ್ತು.’ ಗುರುತು ಹಿಡಿಯಾಕ ನನ್ನ ಕರದ್ರು. ರುಂಡ ಒಂದ ಕಡೆ, ಮುಂಡ ಒಂದ ಕಡೆ. ಗಾಲಿ ಹೋದದ್ದು ಕುತ್ತಿಗಿ ಮ್ಯಾಲ, ಹೌದಿಲ್ಲೋ? ಮತ್ತ ಹಿಂದಲಿ ಮೂರು ಕಡೆ ಯಾಕ ಒಡದಿತ್ತು?”

ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಸೀಮಾಳ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು.

“ಸುತ್ತಿಗಿ ಹೊತ್ತು ಬಂದಾವ ನಮ್ಮಪ್ಪೇನ್ರಿ ಕಾಕಾ? ನಮ್ಮಪ್ಪಗ ಬಿದ್ದ ಏಟೂ ಮೂರ ಏನು?”

ಖಾಸಿಂಸಾಬರು ಗೇಟ್‌ಮನೆಯ ಕಡೆಗೆ ನೋಡಿದರು. ಈಗ ಅವರ ಮಾತು ಅವಳೊಬ್ಬಳಿಗೇ.

“ಹೌದವ್ವಾ… ಎಣಿಸೇನಿ ನಾ. ನಿಮ್ಮಪ್ಪ ಸೀಳಿದ ಹಳಿ ಕಂಡು, ಕೆಂಪು ಝಂಡಾ ಹಿಡದು ಗಾಡಿ ನಿಂದ್ರಿಸಿದ್ದ. ಮುನ್ನೂರು ಮಂದಿ ಜೀವ ಉಳೀತು. ‘ಕೀಮ್ಯಾನ್‌ಗ ಕಂಡದ್ದು ಮುಕಾದಮಗ ಯಾಕ ಕಾಣಲಿಲ್ಲ?’ ಅಂತ ಸಾಹೇಬ್ರು ಇಡೀ ಗ್ಯಾಂಗಿನ ಮುಂದ ಹುಲಿಗೇಶನ ಮಾನಾ ಕಳದ್ರು. ವಾರ ಆಗಿರಲಿಲ್ಲ… ರಣರಣ ಬಿಸಲು… ಹೊನ್ನೇಶ ಅದ ಹದಿನೆಂಟನೇ ಸ್ಲೀಪರಿನ ಹತ್ರ ಸುತ್ತಿಗಿ ಕೆಳಗಿಟ್ಟು, ಬಗ್ಗಿ ಚಾವಿ ನೋಡಾಕತ್ತಿದ್ದ. ಹುಲಿಗೇಶ ಹಿಂದಿಂದ ಬಂದು ಅದ ಸುತ್ತಿಗಿ ಎತ್ತಿದ. ಒಂದು ಹಿಂದಲಿಗೆ. ಬಿದ್ದವನ ಬೆನ್ನ ಮ್ಯಾಲ ಕಾಲಿಟ್ಟು ಮತ್ತೆರಡು. ತೆಂಗಿನಕಾಯಿ ಒಡದಂಗ ಸಪ್ಪಳ ಆತು. ಬಾಯಾಗ ಸೆರೆ ಸುರವಿದ. ಆಮ್ಯಾಲ ಕುಕ್ಕರಗಾಲಿಲೆ ಕುಂತು, ತಲಿ ಎತ್ತಿ ಹಳಿ ಮ್ಯಾಲ ಇಟ್ಟ… ದಿಂಬಿನ ಮ್ಯಾಲ ಇಟ್ಟಂಗ. ನಿಮ್ಮಪ್ಪ ಒಂದು ಹನಿ ಕುಡದಿರಲಿಲ್ಲ ತಾಯಿ.”

“ನೀವು ಎಲ್ಲಿದ್ರಿ?”

“ಗೇಟಿನಾಗ. ಮೂವತ್ತು ಹೆಜ್ಜಿ ದೂರ. ಮೂರೂ ನಲವತ್ತರ ಮಾಲಗಾಡಿ ಬರಾಕತ್ತಿತ್ತು… ನನ್ನ ಎರಡೂ ಕೈಯಾಗ ಝಂಡಾ ಇದ್ದವು. ಕೆಂಪು ಎತ್ತಿದ್ರ ಗಾಡಿ ನಿಲ್ತಿತ್ತು. ಅವ ಉಳೀತಿದ್ದ, ಇನ್ನೂ ಜೀವ ಇತ್ತವ್ವಾ ಅವ್ಗ. ಕಣ್ಣ ತಗದು ನನ್ನ ನೋಡಾಕತ್ತಿದ್ದ. ಹುಲಿಗೇಶ ರಗತ ಸೋರೂ ಸುತ್ತಿಗಿ ನನ್ನ ಕಡೆ ತೋರಿಸಿದ… ನಾ ಹಸರ ಎತ್ತಿದೆ. ‘ಸೆರೆ ವಾಸನಿ ಬಂತು’ ಅಂತ ಪೊಲೀಸರಿಗೆ ಬರಕೊಟ್ಟಾವನೂ ನಾನ.”

ಸೀಮಾಳಿಗೆ ಅಳು ಬರಲಿಲ್ಲ. ಎದುರಿಗಿದ್ದ ಬಿಸಿ ಕೆಟಲಿಯನ್ನು ಎತ್ತಿ ಆ ಮುಖಕ್ಕೆ ಸುರಿಯಬೇಕೆನ್ನಿಸುವಷ್ಟು ಸಿಟ್ಟು ಬಂತು.

ಮುದುಕರು ಒಳಜೇಬಿನಿಂದ ಮೊಬೈಲು ತೆಗೆದು ಬೆಂಚಿನ ಮೇಲಿಟ್ಟರು. “ಇವತ್ತ ಮೂರೂ ನಲವತ್ತಕ್ಕ ಬಂದೈತಿ. ಗುಂಪಿಗಲ್ಲ, ನನಗೊಬ್ಬವ್ಗ… ಜಾಗ ಹೇಳೂತನಕ ಹೊನ್ನೇಶಗ ಬರಾಕ ಬರಂಗಿಲ್ಲ, ಅದ ಅವನ ಕಾಯ್ದೆ. ಅದಕ್ಕ ನಾ ಸುಮ್ಮನ ಕುಂತೀನಿ.”

ಎಲ್ಲರೂ ಬಗ್ಗಿ ನೋಡಿದರು. ನೆಲಮಟ್ಟದಿಂದ ತೆಗೆದ ಫೋಟೋ. ಕೆಳಗೆ ಜಲ್ಲಿಕಲ್ಲು, ಅದರಾಚೆ ಸುಣ್ಣ ಬಳಿದ ಪುಟ್ಟ ಮನೆ. ಅದರ ಮುಂದೆ ಕರಿ ಮೀಸೆಯ ಪ್ರಾಯದ ಗಂಡಸೊಬ್ಬ ಬಲಗೈಯಲ್ಲಿ ಹಸಿರು ಬಾವುಟ ಎತ್ತಿ ನಿಂತಿದ್ದ. ಚಿತ್ರದ ಒಂದು ಅಂಚು ಕೆಂಪಗೆ ಮಸುಕಾಗಿತ್ತು, ನೋಡುವ ಕಣ್ಣಿನೊಳಗೇ ರಕ್ತ ಇಳಿದ ಹಾಗೆ.

“ಅಯ್ಯ, ಇದು ನಮ್ಮ…” ಎಂದ ಭೀಮೇಶ.

ಸೀಮಾ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದಳು. “ಯಾರೂ ಹೇಳಬ್ಯಾಡ್ರಿ.” ಮೊಬೈಲನ್ನು ಎತ್ತಿ ಮುದುಕರ ಕೈಗೇ ಕೊಟ್ಟಳು. “ಇಪ್ಪತ್ತೇಳು ವರ್ಷ ನಮ್ಮವ್ವ ಕಾದಾಳ. ನೀವ ಹೇಳ್ರಿ ಕಾಕಾ, ಇದು ಯಾವ ಜಾಗ.”

ಖಾಸಿಂಸಾಬರು ಅವಳ ಮುಖ ನೋಡಿದರು. ಹೊನ್ನೇಶನದೇ ಕಣ್ಣು. ಆಮೇಲೆ ಜಾಗದ ಹೆಸರನ್ನು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಕಳಿಸಿ, ಟೋಪಿ ಸರಿಮಾಡಿಕೊಂಡು ಎದ್ದು ಹಳಿಯ ಕಡೆ ತಿರುಗಿ ನಿಂತರು.

“ಮಳಿ ನಿಂತರೂ ನನ್ನ ಹಿಂದ ಬರಬ್ಯಾಡ್ರಿ, ಬಾಗಲಾ ಹಾಕ್ಕೊಂಡು ಒಳಗ ಕುಂಡ್ರಿ… ಪೊಲೀಸರ ಆ ಕಾಗದಕ್ಕ ನನ್ನ ಜೋಡಿ ಇನ್ನಿಬ್ಬರು ಸಾಕ್ಷಿ ಹಾಕ್ಯಾರ, ಅವ್ರ ಇನ್ನೂ ಬದಕ್ಯಾರ… ಕೀಮ್ಯಾನ್ ನಡದು ಮುಗಿಸಿಲ್ಲ. ಕೇಳ್ರಿ… ಟಣ್… ಟಣ್…”