ಹಾಲು ನಿಲ್ಲಿಸಿದ ವರ್ಷಗಳು

೧೯೫೮ರಲ್ಲಿ ಒಂದು ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ತಿಮ್ಮಮ್ಮ ಎಂಬಾಕೆ ತನ್ನ ಅಕ್ಕನೊಡನೆ ಮಾತಾಡುತ್ತಿದ್ದಳು.

"ಮಗಳನ್ನ ಡಾಕ್ಟರಿಗೆ ತೋರಿಸ್ದೇನೆ, ತಿಮ್ಮಿ?"

"ತೋರಿಸ್ದೆ ಅಕ್ಕ. ಹದಿನಾರು ತುಂಬೈತಿ, ಇನ್ನು ಎತ್ತರ ಆಗಾದು ಕಷ್ಟ ಅಂದ್ರು."

"ಹನ್ನೆರಡಕ್ಕೇ ನಿನ್ನ ಕಿವಿಮಟ ಬಂದಿದ್ಲಲ್ಲ?"

"ಅದಕ್ಕೇ ಹೆದರ್ದೆ. ಉದ್ದ ಆದ್ರೆ ಗಂಡು ಸಿಗಲ್ಲ ಅಂತ ಹಾಲು, ಮೊಸರು ನಿಲ್ಲಿಸ್ದೆ. ಇನ್ನೊಂದು ಮುದ್ದೆ ಕೇಳಿದ್ರೂ ಬೈದು ಎಬ್ಬಿಸ್ತಿದ್ದೆ."

"ಎಷ್ಟು ದಿನ?"

"ಮೂರು ವರ್ಷ."



"ಯಾಕೆ ನಿಲ್ಲಿಸ್ದೆ ಅಂತ ಅವಳಿಗೆ ಗೊತ್ತೇನೆ?"

"ಇಲ್ಲ. ಅವ್ವನ ಹಂಗೇ ಗಿಡ್ಡ ಆದೆ ಅಂತ ನನ್ನ ತಬ್ಕಂಡು ನಗ್ತಾಳೆ."

"ಹೇಳಿಬಿಡು."

"ಹೇಳಿದ ಮ್ಯಾಲೆ ತಬ್ಕಂತಾಳಾ, ಅಕ್ಕ?"

ಸೊರಬದ ಬಸ್ಸು ಬಂತು. ಅಕ್ಕ ತಂಗಿಯ ಕೈ ಹಿಡಿದು ಹತ್ತಿಸಿದಳು.